ಲೋಗೋದ ನೀಲಿ ನೇರಳೆಯಾಗಿ ಬರುತ್ತಿದ್ದರೆ

ಸ್ಕ್ರೀನ್‌ನಲ್ಲಿ ಗಾಢ ನೀಲಿ ಇದ್ದ ಲೋಗೋ ವಿಸಿಟಿಂಗ್ ಕಾರ್ಡಿನಲ್ಲಿ ನೇರಳೆಯಾಗಿ ಬರುತ್ತಿದೆ ಅಂದಿರಲ್ಲ, ಬಹುಶಃ ಮಜೆಂಟಾ (ಕಡು ಗುಲಾಬಿ ಇಂಕು) ಜಾಸ್ತಿಯಾಗಿದೆ. ಆರ್‌ಜಿಬಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣಪದ್ಧತಿ) ಫೈಲ್ ಸಿಎಂವೈಕೆಗೆ (ಪ್ರಿಂಟಿನ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕಿನ ಪದ್ಧತಿ) ಬದಲಾಗುವಾಗ ನೀಲಿಗೆ ಹೀಗಾಗುವುದು ಮಾಮೂಲು. ಮೊದಲು ಫೈಲನ್ನು ನೀವೇ ಸಿಎಂವೈಕೆ ಮಾಡಿಕೊಳ್ಳಿ, ಸಯಾನ್ (ಹಸಿರು ಛಾಯೆಯ ತಿಳಿನೀಲಿ ಇಂಕು) ಶೇಕಡಾ 100 ಇದ್ದರೆ ಮಜೆಂಟಾ 70 ದಾಟದಿರಲಿ. ಆಮೇಲೆ ಮಜೆಂಟಾ 50, 55, 60, 65, 70 ಹೀಗೆ ಸಣ್ಣ ಚೌಕಗಳನ್ನು ಒಂದೇ ಹಾಳೆಯಲ್ಲಿಟ್ಟು, ಕೆಳಗೆ ಅಂಕಿ ಬರೆದು, ಕಾರ್ಡಿಗೆ ಬಳಸುವ ಅದೇ ಕಾಗದದಲ್ಲಿ, ಅದೇ ಮೆಷಿನ್‌ನಲ್ಲಿ ಪ್ರಿಂಟ್ ಹಾಕಿಸಿ. ಕಾಗದ ಬದಲಾದರೆ ಬಣ್ಣವೂ ಬದಲಾಗುತ್ತದೆ, ಇದು ತುಂಬಾ ಮುಖ್ಯ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಆರಿಸಬೇಡಿ, ಹಗಲು ಬೆಳಕಲ್ಲಿ, ನೀಲಿ ಸರಿಯಾಗಿ ಬಂದಿದ್ದ ಹಳೆಯ ಕಾರ್ಡಿದ್ದರೆ ಅದರ ಪಕ್ಕ ಇಟ್ಟು ನೋಡಿ. ತೀರಾ ಹೊಳೆಯುವ ನೀಲಿಯಾದರೆ ಈ ನಾಲ್ಕು ಇಂಕಿನಲ್ಲಿ ಪೂರ್ತಿ ಸಿಗದೇ ಇರಬಹುದು. ಬೇಕಾದ ನೀಲಿಗೆ ಅತಿ ಹತ್ತಿರವಿರುವ ಚೌಕದ ಅಂಕಿಯನ್ನೇ ಫೈಲಿಗೆ ಹಾಕಿ ಕೊಡಿ.