ಒಂದೇ ಮೈಕ್, ಎಂಟು ಮಕ್ಕಳು
ನಮಸ್ಕಾರ ಮೇಡಂ. ಒಂಬತ್ತನೇ ಕ್ಲಾಸಿನ ಮಕ್ಕಳ ಕಿರುನಾಟಕಕ್ಕೆ ಸಿಗೋದು ಒಂದೇ ಮೈಕ್, ಹಿಂದೆ ಕೂತವರಿಗೆ ಮಾತು ಕೇಳಿಸೋದು ಹೇಗೆ ಅಂತ ಕೇಳಿದ್ದೀರಿ. ಕೈಯಿಂದ ಕೈಗೆ ಮೈಕ್ ದಾಟಿಸೋದು ಮಾತ್ರ ಬೇಡ, ನಟನೆ ಅಲ್ಲೇ ಕೆಟ್ಟುಹೋಗುತ್ತದೆ. ವೇದಿಕೆಯ ಮುಂದೆ ನಡುವಿಗೆ ಸ್ಟ್ಯಾಂಡ್ ಹಾಕಿಸಿ. ಮುಖ್ಯ ಮಾತುಗಳು ಅದರ ಹತ್ತಿರವೇ ಬರಲಿ.

ತಾಲೀಮು ಮೈದಾನದಲ್ಲಿ ಮಾಡಿಸಿ, ನೀವು ಆ ತುದಿಯಲ್ಲಿ ನಿಂತು ಕೇಳಿ. ಕಿರುಚಬೇಕಿಲ್ಲ, ಕೊನೆಯ ಪದ ನುಂಗದಿದ್ದರೆ ಸಾಕು. "ಅಮ್ಮ ಊರಿಗೆ ಹೋಗಿದ್ದಾಳೆ" ಅನ್ನುವಾಗ 'ದ್ದಾಳೆ' ಗಾಳಿಗೆ ಹೋಗುತ್ತದೆ, ಗಮನಿಸಿ. ಜನ ನಕ್ಕರೆ ನಗು ಇಳಿಯುವವರೆಗೆ ಕಾಯಲಿ.

ಸಾಧ್ಯವಾದರೆ ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರ ರಂಗಮಂದಿರದಲ್ಲಿ ಮಕ್ಕಳಿಗೆ ಒಂದು ನಾಟಕ ತೋರಿಸಿ, ತುಂಬಾ ಕಲಿಯುತ್ತಾರೆ. ತಡವಾದರೆ ಅಲ್ಲಿ ಒಳಗೆ ಬಿಡುವುದಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರೋದಾದರೆ ಸ್ವಲ್ಪ ಜಾಸ್ತಿನೇ ಬೇಗ ಹೊರಡಿ.