ಪದೇ ಪದೇ ಸೋತರೂ ಅಭಿಮಾನಿ ತನ್ನ ಫುಟ್‌ಬಾಲ್ ತಂಡವನ್ನು ಯಾಕೆ ಬಿಡುವುದಿಲ್ಲ?

ತಂಡ ಬಿಟ್ಟರೆ ತನ್ನದೇ ಒಂದು ಭಾಗ ಹೋದಂತೆ ಅನಿಸುತ್ತದೆ, ಅದಕ್ಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1976ರ ಅಧ್ಯಯನದಲ್ಲಿ ಒಂದು ವಿಷಯ ಗಮನಿಸಿದರು. ಕಾಲೇಜು ತಂಡ ಗೆದ್ದರೆ, ಸೋಮವಾರ ಕಾಲೇಜಿನ ಹೆಸರಿನ ಬಟ್ಟೆ ಹಾಕುವವರು ಜಾಸ್ತಿ. (ಅದು ಅಮೆರಿಕನ್ ಫುಟ್‌ಬಾಲ್, ಬೇರೆ ಆಟ. ಆದರೆ ಮನುಷ್ಯರು ಅದೇ ತರ, ಅಲ್ವಾ?) ಅರೆಮನಸ್ಸಿನ ಅಭಿಮಾನಿ ಸೋತಾಗ ಸುಮ್ನೆ ಜಾರಿಕೊಳ್ಳಬಹುದು. ಕಟ್ಟಾ ಅಭಿಮಾನಿಗೆ ಆ ದಾರಿಯಿಲ್ಲ. ಶಿವಮೊಗ್ಗದ ಗೋಪಿ ಸರ್ಕಲ್‌ನ ಗೆಳೆಯರಿಗೆಲ್ಲ ಅವನು ಯಾವ ತಂಡದವನು ಅಂತ ಗೊತ್ತಿರುತ್ತದೆ!

ಶಿವಮೊಗ್ಗದಲ್ಲಿ ಕೂತು ಬೆಂಗಳೂರು ಎಫ್‌ಸಿ ನೋಡುವವರನ್ನೇ ತಗೊಳ್ಳಿ. ಕಂಠೀರವ ಕ್ರೀಡಾಂಗಣ ಸುಮಾರು 300 ಕಿ.ಮೀ. ದೂರ. ತಂಡ 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದಿತು. 2023ರ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು, 2025ರದ್ದು ಹೆಚ್ಚುವರಿ ಸಮಯದಲ್ಲಿ. ಮಳೆಗೆ ಕರೆಂಟ್ ಹೋದರೆ ಪಂದ್ಯವನ್ನೂ ಮೊಬೈಲ್‌ನಲ್ಲೇ ನೋಡಬೇಕು.

ಇನ್ನೊಂದು ಕಾರಣ ಆಟದಲ್ಲೇ ಇದೆ. ಫುಟ್‌ಬಾಲ್‌ನಲ್ಲಿ ಗೋಲುಗಳೇ ಕಡಿಮೆ. ಒಂದು ಗೋಲಿನಿಂದ ದುರ್ಬಲ ತಂಡವೂ ಗೆದ್ದುಬಿಡಬಹುದು. ಹಾಗಾಗಿ ಕೋಚ್‌ಗೆ ಬೈದವನೇ ಮುಂದಿನ ಪಂದ್ಯಕ್ಕೆ ಮತ್ತೆ ಹಾಜರ್.