ಮರಳಲ್ಲಿ ಹೂತ ಟೈರು, ತಂತಿಗೆ ಸಿಕ್ಕ ಹಕ್ಕಿ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಐದು ಜನ ನಮ್ಮದೇ ಕಾರಲ್ಲಿ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಫೋರ್ ವೀಲ್ ಡ್ರೈವ್ ಇಲ್ಲ. ಸಮ್ ಮರಳುದಿಬ್ಬಗಳ ಮೇಲೆ ಗಾಡಿ ಹತ್ತಿಸಬಹುದೇ? ಏನೇನು ಒಯ್ಯಬೇಕು? (ಓದುಗರು, ಶಿರಾ)

ದಿಬ್ಬ ಹತ್ತಿಸಬೇಡಿ. ಜೈಸಲ್ಮೇರ್‌ನಿಂದ ಸಮ್‌ವರೆಗಿನ ಸುಮಾರು 40 ಕಿ.ಮೀ., ಪಾಕಿಸ್ತಾನ ಗಡಿಯ ಹತ್ತಿರದ ತನೋಟ್‌ವರೆಗಿನ ಸುಮಾರು 120 ಕಿ.ಮೀ. ಎರಡೂ ಡಾಂಬರು ರಸ್ತೆಯೇ. ಗಾಡಿ ಹೂತುಕೊಳ್ಳೋದು ಗಾಳಿಗೆ ಮರಳು ರಸ್ತೆ ಮೇಲೆ ಬಂದು ಬಿದ್ದಿರುವಲ್ಲಿ, ಇಲ್ಲವೇ ಫೋಟೊ ತೆಗೆಯೋಣ ಅಂತ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಿದಾಗ.

ಹೂತರೆ ಆಕ್ಸಿಲರೇಟರ್ ಒತ್ತಬೇಡಿ. ಮರಳು ತುಂಬಿದ ಹಳ್ಳದಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡದ್ದನ್ನು ನೋಡಿದವರಿಗೆ ಗೊತ್ತು, ಚಕ್ರ ಸುತ್ತಿದಷ್ಟೂ ಗುಂಡಿ ಆಳವಾಗುತ್ತೆ. ಕೊನೆಗೆ ಗಾಡಿಯ ಹೊಟ್ಟೆ ಮರಳ ಮೇಲೆ ಕೂತರೆ ಚಕ್ರಕ್ಕೆ ಹಿಡಿತವೇ ಇರೋದಿಲ್ಲ. ಎಲ್ಲರೂ ಇಳಿಯಿರಿ. ಟೈರಿನ ಗಾಳಿಯನ್ನು 32ರಿಂದ 18–20 ಪಿಎಸ್‌ಐಗೆ ಇಳಿಸಿ. ಟೈರು ಚಪ್ಪಟೆಯಾಗಿ ಭಾರ ಹರಡಿಕೊಳ್ಳುತ್ತೆ. 15ಕ್ಕಿಂತ ಕೆಳಗೆ ಹೋದರೆ ಟ್ಯೂಬ್‌ಲೆಸ್ ಟೈರು ರಿಮ್ ಬಿಟ್ಟು ಕಳಚಬಹುದು. ಗಾಡಿಯ ಹೊಟ್ಟೆಯಡಿ ಮತ್ತು ಚಕ್ರದ ಹಿಂದೆ ಮರಳನ್ನು ಸಲಿಕೆಯಿಂದ ಇಳಿಜಾರಾಗಿ ಬಗೆದು, ಎಂಜಿನ್ ಎಳೆಯುವ ಚಕ್ರಗಳ (ಹೆಚ್ಚಿನ ಕಾರುಗಳಲ್ಲಿ ಮುಂದಿನವು) ಹಿಂದಕ್ಕೆ ಕಾಲೊರಸು ಅಥವಾ ಗೋಣಿಚೀಲ ಸಿಕ್ಕಿಸಿ. ಸ್ಟೀರಿಂಗ್ ನೇರ ಇಟ್ಟು, ನಿಧಾನವಾಗಿ ರಿವರ್ಸ್ ತೆಗೆಯಿರಿ. ಬಂದ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುತ್ತೆ, ಮುಂದಿನದು ಆಗಿರೋದಿಲ್ಲ. ಮುಂದಕ್ಕೇ ಹೋಗಬೇಕೆಂಬ ಹಟದಿಂದ ಅರ್ಧ ದಿನ ಕಳೆಯೋದೇ ಹೆಚ್ಚು.

ಡಾಂಬರಿಗೆ ಬಂದ ತಕ್ಷಣ ಗಾಳಿ ತುಂಬಿಸಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಪಕ್ಕೆ ಕಾದು ಒಡೆಯುತ್ತೆ. ಹಾಗಾಗಿ ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಏರ್ ಪಂಪು, ಸಲಿಕೆ, ಎಳೆಯುವ ಹಗ್ಗ ಇರಲೇಬೇಕು. ನೀರು ತಲೆಗೆ ದಿನಕ್ಕೆ 4 ಲೀಟರ್. ಐದು ಜನಕ್ಕೆ ದಿನಕ್ಕೊಂದು 20 ಲೀಟರಿನ ಕ್ಯಾನ್. ಗಾಡಿ ನಿಂತುಬಿಟ್ಟರೆ ಅಂತ ಇನ್ನೂ 10 ಲೀಟರ್. ಒಣಗಾಳಿಗೆ ಬೆವರು ಕಾಣೋ ಮೊದಲೇ ಆರಿಹೋಗುತ್ತೆ, ಚಳಿಗಾಲದಲ್ಲಿ ಬಾಯಾರಿಕೆಯೂ ತಿಳಿಯೋದಿಲ್ಲ, ಗಡಿಯಾರ ನೋಡಿಕೊಂಡೇ ಕುಡಿಯಿರಿ. ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತೆ. ಒಂದು ಸ್ವೆಟರ್ ಸಾಲದು. ಗುರುತಿನ ಚೀಟಿಯ ಮೂಲಪ್ರತಿ ಇರಲಿ, ತನೋಟ್ ದಾಟಿ ಗಡಿಯ ಕಡೆಗೆ ಹೋಗಲು ಬಿಎಸ್‌ಎಫ್ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಬಿಡಿ.

ದಿಬ್ಬ ಹತ್ತಿಸಬೇಡಿ ಅನ್ನಲು ಗಾಡಿ ಹೂಳುತ್ತೆ ಅನ್ನೋದೊಂದೇ ಕಾರಣವಲ್ಲ. ದಿಬ್ಬಗಳ ನಡುವೆ ಒಣಗಿದಂತೆ ಕಾಣುವ ಸೇವಣ್ ಹುಲ್ಲಿನ ಬೇರೇ ಆ ಮರಳನ್ನು ಹಿಡಿದಿಟ್ಟಿರೋದು. ಚಕ್ರ ಅದನ್ನು ಕಿತ್ತರೆ ಮೇ–ಜೂನ್ ಗಾಳಿ ಮರಳನ್ನು ಹೊಲಕ್ಕೂ ರಸ್ತೆಗೂ ಸುರಿಯುತ್ತೆ. ಸಮ್ ಪಕ್ಕದ ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿ.ಮೀ.; ಒಳಗೆ ಹಳ್ಳಿಗಳಿವೆ, ಪಾರ್ಕ್ ಎಲ್ಲಿ ಶುರುವಾಯಿತೆಂದು ಪ್ರವಾಸಿಗರಿಗೆ ಗೊತ್ತಾಗೋದೇ ಇಲ್ಲ. ಹಳೇ ಜಾಡು ಬಿಟ್ಟು ಗಾಡಿ ಇಳಿಸಬೇಡಿ.

ಪ್ರಶ್ನೆ: ನಮ್ಮ ತಿರುಮಣಿ ಕಡೆ ಮಳೆಯಿಲ್ಲದ ಜಮೀನಿಗೆ ಸೋಲಾರ್ ಬಂದು ಬಾಡಿಗೆ ಸಿಗುತ್ತಿದೆ. ಏನೂ ಬೆಳೆಯದ ರಾಜಸ್ಥಾನದಲ್ಲಿ ಒಂದು ಹಕ್ಕಿಗಾಗಿ ಅದಕ್ಕೇಕೆ ತಕರಾರು? (ಓದುಗರು, ಪಾವಗಡ)

‘ಏನೂ ಬೆಳೆಯದ’ ಅನ್ನೋದರಲ್ಲೇ ತಕರಾರಿದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ಗೆ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದರು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ದುಡ್ಡು ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರಿಗೆ, ಬೆಳೆ ಕೊಯ್ದ ಮೇಲೆ ಕುರಿ ಬಿಡುತ್ತಿದ್ದವರಿಗಲ್ಲ. ಥಾರ್ ಮರುಭೂಮಿಯಲ್ಲಿ ಈ ಎರಡನೇ ಗುಂಪೇ ದೊಡ್ಡದು. ಅಲ್ಲಿ ಊರವರು ದೇವರ ಹೆಸರಲ್ಲಿ ಬಿಟ್ಟ ‘ಓರಣ್’ಗಳಿವೆ, ನಮ್ಮ ದೇವರಕಾಡಿನ ಹಾಗೆ. ಕುರಿ, ಒಂಟೆ ಮೇಯೋದು ಅಲ್ಲಿ. ಸರ್ಕಾರಿ ದಾಖಲೆಯಲ್ಲಿ ಅಂಥ ಎಷ್ಟೋ ನೆಲ ಬರೀ ‘ಪಾಳು’. ಪಾಳು ಅಂದಮೇಲೆ ಯಾರಿಗೆ ಬಾಡಿಗೆ ಕೊಡೋದು? ರಾಜಸ್ಥಾನದಲ್ಲಿ 2012ರಲ್ಲಿ 3.26 ಲಕ್ಷ ಇದ್ದ ಒಂಟೆ 2019ರ ಜಾನುವಾರು ಗಣತಿಗೆ 2.13 ಲಕ್ಷಕ್ಕೆ ಇಳಿಯಿತು. ಮೇವಿನ ನೆಲ ಕುಗ್ಗಿದ್ದು ಅದಕ್ಕೊಂದು ಕಾರಣ, ಒಂಟೆಯ ಕೆಲಸವನ್ನು ಟ್ರ್ಯಾಕ್ಟರ್ ಮಾಡತೊಡಗಿದ್ದು ಇನ್ನೊಂದು.

ಆ ಹಕ್ಕಿ ನಮಗೆ ಹೊಸದಲ್ಲ. ಅಲ್ಲಿನವರು ಗೋಡಾವಣ್ ಅನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂದರೆ ನಮ್ಮ ಎರೆಭೂತ; ಬಳ್ಳಾರಿಯ ಸಿರುಗುಪ್ಪ ಕಡೆ ಕಾಣಿಸಿಕೊಂಡದ್ದುಂಟು. ಈಗ ಬಯಲಲ್ಲಿ ಸ್ವತಂತ್ರವಾಗಿ ಉಳಿದಿರೋದು ಸುಮಾರು 150, ಬಹುಪಾಲು ಜೈಸಲ್ಮೇರ್ ಸುತ್ತ. ದೊಡ್ಡ ಗಂಡು ಹತ್ತು ಕಿಲೋ ದಾಟುತ್ತೆ. ಕಣ್ಣು ತಲೆಯ ಪಕ್ಕಗಳಲ್ಲಿರೋದರಿಂದ ನೇರ ಮುಂದಿನದು ಸರಿಯಾಗಿ ಕಾಣದು. ತಂತಿ ಕಂಡಾಗ ಅಷ್ಟು ಭಾರದ ಮೈಯನ್ನು ತಿರುಗಿಸಲು ಸಮಯವಿರದು. ಅಂದರೆ ಪ್ಯಾನೆಲ್ಲಿಗಿಂತ ಅದರಿಂದ ಕರೆಂಟು ಒಯ್ಯುವ ಲೈನೇ ಹಕ್ಕಿಗೆ ಮಾರಕ. ಹಕ್ಕಿಯ ನೆಲೆಯಲ್ಲಿ ಲೈನ್‌ಗಳನ್ನು ಭೂಗತ ಮಾಡಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸೋಲಾರ್ ಬೇಡ ಅಂತಲ್ಲ. ಲೈನ್ ಎಲ್ಲಿ ಹಾಯಬೇಕು ಅನ್ನೋದನ್ನು ಮೊದಲೇ ಗೊತ್ತುಮಾಡಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಇನ್ನೊಂದು, ಸೋಲಾರ್ ಪಾರ್ಕ್‌ಗಳಿಗಾಗಿ ಅಲ್ಲಿ ಕಡಿಯುತ್ತಿರುವ ಖೇಜ್ರಿ ಬೇರೇನಲ್ಲ, ದಸರೆಗೆ ನಾವು ಪೂಜಿಸುವ ಬನ್ನಿ. 1730ರಲ್ಲಿ ಜೋಧಪುರದ ಬಳಿಯ ಖೇಜರ್ಲಿಯಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟದ್ದು ಇದೇ ಮರಕ್ಕೆ. ನಿಮ್ಮ ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕೃಷ್ಣಮೃಗಗಳು ಬದುಕಿರೋದೂ ಮರವಿಲ್ಲದ ಬರೀ ಹುಲ್ಲಿನ ನೆಲದಲ್ಲೇ.

ಪ್ರಶ್ನೆ: ಕೊಳವೆಬಾವಿ ನೀರಲ್ಲಿ ಫ್ಲೋರೈಡ್. ರಾಜಸ್ಥಾನದ ‘ಟಾಂಕಾ’ (ಮಳೆನೀರು ಕೂಡಿಡುವ ನೆಲದೊಳಗಿನ ತೊಟ್ಟಿ) ನಮ್ಮ ಮನೆಗೆ ಆಗುತ್ತದೆಯೇ? ಚಾವಣಿ 1,000 ಚದರ ಅಡಿ, ಐದು ಜನ. (ಓದುಗರು, ಚಿಂತಾಮಣಿ)

ಆಗುತ್ತದೆ, ಅದೂ ಸಣ್ಣದೇ ಸಾಕು. ಜೈಸಲ್ಮೇರ್‌ನಲ್ಲಿ ವರ್ಷದ ಮಳೆ 200 ಮಿ.ಮೀ. ಆಸುಪಾಸು, ಅದೂ ಎರಡು ಮೂರು ತಿಂಗಳಲ್ಲಿ. ವರ್ಷದ ನೀರನ್ನೇ ಕೂಡಿಡಬೇಕು. ನಿಮ್ಮಲ್ಲಿ ಡಿಸೆಂಬರಿನಿಂದ ಮೇವರೆಗೆ ಆರು ತಿಂಗಳು ದಾಟಿಸಿದರಾಯಿತು. ಕುಡಿಯಲು, ಅಡುಗೆಗೆ ತಲೆಗೆ 10 ಲೀಟರ್ ಅಂದರೂ ದಿನಕ್ಕೆ 50, ಆರು ತಿಂಗಳಿಗೆ 9,000 ಲೀಟರ್. ನಿಮ್ಮ ಚಾವಣಿ ಮೇಲೆ 100 ಮಿ.ಮೀ. ಮಳೆ ಬಿದ್ದರೆ, ನಷ್ಟ ಕಳೆದು ಸುಮಾರು 7,400 ಲೀಟರ್ ಸಿಗುತ್ತೆ. ಒಳಗೆ 7 ಅಡಿ ಅಗಲ, 10 ಅಡಿ ಆಳದ ದುಂಡು ತೊಟ್ಟಿ ಸಾಕು. ಚೌಕ ಬೇಡ, ಮೂಲೆಯಲ್ಲೇ ಬಿರುಕು ಬಿಡೋದು.

ಟಾಂಕಾದ ಸುತ್ತ ನೀರು ಹರಿದು ಬರುವ ಇಳಿಜಾರು ನೆಲಕ್ಕೆ ‘ಆಗೋರ್’ ಅನ್ನುತ್ತಾರೆ. ಮಳೆಗೆ ಮುಂಚೆ ಅದನ್ನು ಗುಡಿಸಿ, ದನ ಹತ್ತಿರ ಬರದಂತೆ ಕಾಯುತ್ತಾರೆ. ನಿಮ್ಮ ಆಗೋರ್ ನಿಮ್ಮ ಚಾವಣಿ. ಮೇ ತಿಂಗಳಲ್ಲಿ ತೊಳೆಯಿರಿ. ಮೊದಲ 2 ಮಿ.ಮೀ. ಮಳೆ, ಅಂದರೆ ಸರಿಸುಮಾರು ಒಂದು 200 ಲೀಟರಿನ ಡ್ರಮ್ಮಿನಷ್ಟು ನೀರು ತೊಟ್ಟಿಗೆ ಹೋಗದೆ ಹೊರಬೀಳಬೇಕು. ಧೂಳು, ಹಕ್ಕಿ ಹಿಕ್ಕೆ ಇರೋದು ಅದರಲ್ಲೇ. ಹೆಚ್ಚಿನವರ ಮನೆಯಲ್ಲಿ ನೀರು ಕೆಡೋದು ಬೆಳಕು ಒಳಗೆ ಹೋಗಿ ಪಾಚಿ ಕಟ್ಟಿದಾಗ, ಇಲ್ಲವೇ ಓವರ್‌ಫ್ಲೋ ಪೈಪಿಗೆ ಜಾಲರಿ ಹಾಕದೆ ಸೊಳ್ಳೆ ನುಗ್ಗಿದಾಗ. ಕುಡಿಯುವ ಮೊದಲು ಕುದಿಸಿ ಆರಿಸಿ.

ವರ್ಷಕ್ಕೊಮ್ಮೆ ತೊಳೆಯಲು ಇಳಿಯುವಾಗ ಮುಚ್ಚಳ ಹಿಂದಿನ ದಿನವೇ ತೆಗೆದಿಟ್ಟು ಗಾಳಿಯಾಡಲು ಬಿಡಿ. ಒಬ್ಬರೇ ಇಳಿಯಬೇಡಿ, ಮೇಲೆ ಹಗ್ಗ ಹಿಡಿದು ಇನ್ನೊಬ್ಬರು ನಿಂತಿರಬೇಕು.